ಎ ಸೈಡು ಮುಗಿಯಿತು

ಮೊಬೈಲಿನಲ್ಲಿ ಹಳೆಯ ತಾಳಮದ್ದಳೆ ಕೇಳುತ್ತಿದ್ದ ತಮ್ಮನ ಮಗ ತಲೆಯೆತ್ತಿ, "ದೊಡ್ಡಪ್ಪ, ಕರ್ಣ ಇನ್ನೂ ಮಾತಾಡ್ತಾ ಇದ್ದ. ಅಷ್ಟರಲ್ಲಿ ಯಾಕೆ ಕಟ್ ಆಯ್ತು?" ಎಂದ. ಯಾರೋ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದ್ದು ಅದು. ಕರ್ಣನ ಮಾತು ಮುಗಿದಿರಲಿಲ್ಲ, ಎ ಸೈಡು ಮುಗಿದಿತ್ತು. ಸೈಡು ಎಂದರೇನೆಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಕಾಫಿ ಆರಿತು.

ಎಂಬತ್ತರ ದಶಕದ ಉಡುಪಿ. ಹಂಚಿನ ಮನೆಯೊಂದರ ಹಿಂಬದಿಯ ಎರಡು ಕೋಣೆಗಳೇ ಯಕ್ಷಗಾನದ ಕ್ಯಾಸೆಟ್ಟಿಗೆ ರೆಕಾರ್ಡಿಂಗ್ ಮಾಡುತ್ತಿದ್ದ ನಮ್ಮ ಸ್ಟುಡಿಯೋ. ಯಜಮಾನರನ್ನು ಊರೆಲ್ಲ 'ಮಾಸ್ಟ್ರು' ಎನ್ನುತ್ತಿತ್ತು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ರೇಡಿಯೋ ರಿಪೇರಿಯವರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಏನಾದರೊಂದು ನೆಪ ಹೂಡಿ ಅಲ್ಲಿಗೆ ಹೋಗುವರು, ಯಾವ ವಾದ್ಯಕ್ಕೆ ಮೈಕು ಎಷ್ಟು ದೂರ ಎಂದು ಕಣ್ಣಲ್ಲೇ ಅಳೆದು ಬರುವರು. ಅವರ ವಿದ್ಯೆಯೆಲ್ಲ ಹಾಗೆ ಕದ್ದು ತಂದದ್ದು. ಗೋಡೆಗೆ ತೆಂಗಿನ ನಾರು ತುಂಬಿದ ಗೋಣಿ ಹೊಡೆದು, ಚೆಂಡೆಯವರನ್ನು ಆಚೆ ಕೋಣೆಯಲ್ಲಿ ಕೂರಿಸಿ, ಬಾಗಿಲ ಒಂದು ರೆಕ್ಕೆಯನ್ನು ಮಾತ್ರ ತೆರೆದಿಡುತ್ತಿದ್ದರು. ಚೆಂಡೆ ಜೋರಾದರೆ ಇನ್ನೆರಡು ಬೆರಳಷ್ಟು ಮುಚ್ಚುವುದು. ನಮ್ಮ ಮಿಕ್ಸಿಂಗೆಲ್ಲ ಆ ಬಾಗಿಲಲ್ಲೇ ನಡೆಯುತ್ತಿತ್ತು.

ದೊಡ್ಡ ಪೀಕಲಾಟ ಮಳೆಯದು. ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುವುದು ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ. ಕಲಾವಿದರು ಕೈಗೆ ಸಿಗುವುದೇ ಮಳೆಗಾಲದಲ್ಲಿ. ಹಂಚಿನ ಮೇಲೆ ಆಷಾಢ ಸುರಿಯತೊಡಗಿದರೆ ಯಾವ ಗೋಣಿ ಏನನ್ನು ತಡೆದೀತು? ಮಳೆ ಹೊಳವಾದರೆ ಕರೆಂಟಿಲ್ಲ, ಕರೆಂಟು ಬಂದರೆ ಮಳೆ. ಎರಡೂ ಕೂಡಿಬಂದಾಗ ಮದ್ದಳೆಯ ಚರ್ಮ ಥಂಡಿಗೆ ಸಡಿಲಾಗಿರುತ್ತಿತ್ತು, ನೂರು ವಾಟಿನ ಬಲ್ಬಿನ ಕೆಳಗಿಟ್ಟು ಕಾಯಿಸಬೇಕು. ಕಾಯುತ್ತ ಕೂತ ಭಾಗವತರ ವೀಳ್ಯ, ಒದ್ದೆ ಗೋಣಿ, ಹೆಡ್ ಒರೆಸುವ ಸ್ಪಿರಿಟ್ಟು, ಈ ಮೂರೂ ಬೆರೆತ ಒಂದು ವಾಸನೆ ಆ ಕೋಣೆಗಿತ್ತು. ಈಗಲೂ ಇಂಜೆಕ್ಷನ್ ಚುಚ್ಚುವ ಮುನ್ನ ನರ್ಸು ತೋಳಿಗೆ ಸ್ಪಿರಿಟ್ ಸವರಿದರೆ ನನಗೆ ಜಾಗಟೆ ಕೇಳುತ್ತದೆ.

7 ಇಂಚಿನ ಸ್ಪೂಲು, 1200 ಅಡಿ ಟೇಪು, ಸೆಕೆಂಡಿಗೆ 7.5 ಇಂಚಿನ ಓಟ: ಒಟ್ಟು 32 ನಿಮಿಷ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೂ ಹೆಚ್ಚುಕಡಿಮೆ ಅಷ್ಟೇ ಜಾಗ. ಇಡೀ ರಾತ್ರಿಯ ಪ್ರಸಂಗವನ್ನು ಅದರೊಳಗೆ ತುರುಕಬೇಕು. ಯಾವ ಪದ್ಯ ಇರಲಿ, ಯಾವುದನ್ನು ಬಿಡೋಣ ಎಂಬ ಚರ್ಚೆಗೇ ಒಂದು ಮಧ್ಯಾಹ್ನ ಹೋಗುತ್ತಿತ್ತು. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳಿಗೆ ಮಾಸ್ಟ್ರು ಗಾಜಿನಾಚೆಯಿಂದ ಬೆರಳು ತೋರಿಸುವರು: ಐದು ನಿಮಿಷ, ಎರಡು ನಿಮಿಷ. ವಾದ ಬಿಸಿಯೇರಿದವರಿಗೆ ಬೆರಳು ಕಂಡೀತೇ? ಆಮೇಲೆ ಮಾಸ್ಟ್ರು ಸ್ಪೂಲನ್ನು ಕೈಯಲ್ಲೇ ಹಿಂದೆಮುಂದೆ ಆಡಿಸಿ, ನರಳುವ ಸದ್ದಿನ ನಡುವೆ ಉಸಿರಿನ ಜಾಗ ಹುಡುಕಿ, ಹಳದಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುವರು. ಎಲ್ಲಿ ಕೊಯ್ದರೆಂದು ಮಾತಾಡಿದವರಿಗೇ ಗೊತ್ತಾಗುತ್ತಿರಲಿಲ್ಲ. ಈಗ ಕಾಲಮಿತಿ ಯಕ್ಷಗಾನವೆಂದರೆ ಮೂಗು ಮುರಿಯುವ ಹಿರಿಯರಲ್ಲಿ ನಾನೂ ಒಬ್ಬ. ಆದರೆ ಅದರ ಮೊದಲ ತಾಲೀಮು ನಡೆದದ್ದು ನಮ್ಮಂಥವರ ಕೋಣೆಗಳಲ್ಲೇ ಎಂಬ ಗುಮಾನಿ ನನಗಿದೆ.

1990ರಲ್ಲಿ ಭಾಗವತ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡರು. ಎದುರಿನ ಅಂಗಡಿಯಲ್ಲಿ ಜನ ನಿಂತು ಅವರ ಕ್ಯಾಸೆಟ್ ಕೇಳಿ ಕೊಂಡುಹೋದುದನ್ನು ಮಾಸ್ಟ್ರು ಜಗಲಿಯಿಂದಲೇ ನೋಡಿದರು. ಅಲ್ಲಿಯವರೆಗೆ ದುಡ್ಡು ಉಳಿಸಲು ಹಳೆಯ ಸ್ಪೂಲುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದೆವು. ಅಂದಿನಿಂದ ನಿಲ್ಲಿಸಿದರು. ಅಳಿಸಿಹೋದವರ ಪಟ್ಟಿ ಯಾರಲ್ಲೂ ಇಲ್ಲ.

ಈಗಿನವರದು ಬೇರೆ ಸುಖ. ಭಾಗವತರ ಹಾಡು ಒಂದು ದಿನ, ಚೆಂಡೆ ಮರುವಾರ. ಒಬ್ಬರ ಮುಖ ಒಬ್ಬರು ನೋಡಬೇಕೆಂದಿಲ್ಲ. ಶ್ರುತಿ ತಪ್ಪಿದರೆ ಕಂಪ್ಯೂಟರು ತಿದ್ದುತ್ತದೆ. ಆಟವಾದರೆ ಇಡೀ ರಾತ್ರಿ ಲೈವ್, ಕೇಳುವವರು ಮಾತ್ರ ಎರಡು ನಿಮಿಷಕ್ಕೆ ಬೆರಳಾಡಿಸಿ ಮುಂದೆ ಹೋಗುತ್ತಾರೆ. ನಮ್ಮ ಕ್ಯಾಸೆಟ್ಟನ್ನು ಮುಂಬಯಿಯ ಹೋಟೆಲಿನ ಹುಡುಗರೂ ಗಲ್ಫಿಗೆ ಹೋದವರೂ ಟೇಪು ಸವೆಯುವ ತನಕ ಕೇಳುತ್ತಿದ್ದರು.

ಹಾಗೆಂದು ಆ ಕಾಲವನ್ನು ಪೂಜಿಸಲಾರೆ. ದುಡ್ಡಿನ ಮಾತು ನಡೆಯುತ್ತಿದ್ದುದು ಜಗಲಿಯಲ್ಲಿ. ಕ್ಯಾಸೆಟ್ ಮಾಡಿಸುವ ಸಾಹುಕಾರರು ಒಂದೇ ಗಂಟು ಹೇಳುವರು, ಅದರಲ್ಲೇ ಹಿಮ್ಮೇಳ, ಮುಮ್ಮೇಳ, ಊಟ, ಬಸ್ಸು. ವಯಸ್ಸಾದ ಭಾಗವತರೊಬ್ಬರು ಒಮ್ಮೆ, "ದುಡ್ಡು ಹೇಗೂ ಏರಿಸುವುದಿಲ್ಲ ಮಾರಾಯ್ರೆ, ಐವತ್ತು ಕ್ಯಾಸೆಟ್ಟಾದರೂ ಕೊಡಿ, ಆಟದ ದಿನ ಚೌಕಿಯ ಹತ್ತಿರ ಮಾರಿಸ್ತೇನೆ" ಎಂದರು. ಸಾಹುಕಾರರು ಇಪ್ಪತ್ತೈದಕ್ಕೆ ಇಳಿಸಿದರು. ಭಾಗವತರು ನಕ್ಕರು, ಒಪ್ಪಿದರು. ಆ ಕ್ಯಾಸೆಟ್ಟು ವರ್ಷಗಟ್ಟಲೆ ಮಾರಾಟವಾಯಿತು. ಬಸ್ಸುಗಳಲ್ಲಿ ಅವರ ದನಿ ಕೇಳುತ್ತಲೇ ಇತ್ತು, ಅವರು ಅದೇ ಬಸ್ಸಿನಲ್ಲಿ ಟಿಕೆಟ್ ಕೊಂಡು ಕೂತಿರುತ್ತಿದ್ದರು. ಮಾಸ್ಟ್ರಿಗೆ ಇದು ಗೊತ್ತಿತ್ತು. ಬಾಯಿ ಬಿಡಲಿಲ್ಲ, ಏಕೆಂದರೆ ಮುಂದಿನ ಮಳೆಗಾಲದ ಕೆಲಸವೂ ಆ ಸಾಹುಕಾರರಿಂದಲೇ ಬರಬೇಕಿತ್ತು.

ಈಚೆಗೆ ಆ ಭಾಗವತರ ಮೊಮ್ಮಗಳು ಫೋನ್ ಮಾಡಿದ್ದಳು. ಅಜ್ಜನ ಪದ್ಯಗಳು ಇಂಟರ್ನೆಟ್ಟಿನಲ್ಲಿವೆ, ನಡುವೆ ಜಾಹೀರಾತು ಬರುತ್ತದೆ, ಅದರ ದುಡ್ಡು ಯಾರಿಗೋ ಹೋಗುತ್ತಿದೆ, ಅಂದು ಮಾಡಿದ ಕರಾರಿನ ಕಾಗದವೇನಾದರೂ ನಿಮ್ಮಲ್ಲಿದೆಯೇ ಎಂದು ಕೇಳಿದಳು. ಕಾಗದ ಎಂಬುದೇ ಇರಲಿಲ್ಲ ಮಗಾ, ಇಪ್ಪತ್ತೈದು ಕ್ಯಾಸೆಟ್ಟಿನ ಮಾತಷ್ಟೇ ಇತ್ತು ಎಂದೆ. ಅವನ್ನಾದರೂ ಪೂರ್ತಿ ಕೊಟ್ಟಿದ್ದರೇ ಎಂದಳು.