ಚನ್ನಗಿರಿಯಿಂದ ಜಗಳೂರಿಗೆ, ಡಿಕ್ಕಿಯಲ್ಲೊಂದು ಬಾಟಲಿ

ತಂಗಿ ಮದುವೆ ಕಾರ್ಡು ಹಂಚೋಕೆ ಹೊರಟಾಗ ಕಾರಿನ ಡಿಕ್ಕಿಯಲ್ಲಿ ಒಂದು ವಿಸ್ಕಿ ಬಾಟಲಿ ಇತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಚನ್ನಗಿರಿಯ ಸೋದರಮಾವನಿಗೆ ಅಂತ ತಗೊಂಡಿದ್ದು. ನಿಜ ಹೇಳ್ಬೇಕಂದ್ರೆ ಬಾಟಲಿ ನೋಡಿಯೇ ತಗೊಂಡಿದ್ದೆ. ದಪ್ಪ ತಳದ ಗಾಜು, ಮರದ ಮುಚ್ಚಳ, ಬೆರಳಿಗೆ ಉಬ್ಬಾಗಿ ಸಿಗೋ ಚಿನ್ನದ ಬಣ್ಣದ ಅಕ್ಷರ. ನಾನು ಬೆಂಗಳೂರಿನಲ್ಲಿ ಪ್ಯಾಕೇಜಿಂಗ್ ಡಿಸೈನರ್. ಇಂಥದ್ದಕ್ಕೆ ಬೀಳಬಾರದವನೇ ಬಿದ್ದಿದ್ದೆ.

ಮಾವನ ಮನೆಯಲ್ಲಿ ಅಡಿಕೆ ಬೇಯಿಸೋ ಕೆಲಸ ಜೋರಾಗಿ ನಡೀತಿತ್ತು. ಹಿತ್ತಲಲ್ಲಿ ಹಂಡೆ ಕುದೀತಿತ್ತು, ಅಂಗಳದ ತುಂಬ ಕೆಂಪಡಿಕೆ ಹರವಿತ್ತು. ಅಪ್ಪ ಕಾಲು ತೊಳೆಯೋಕೆ ಹೋದ ಹೊತ್ತು ನೋಡಿ ಬಾಟಲಿ ಕೊಟ್ಟೆ. ಮಾವ ಅದನ್ನ ಬಿಸಿಲಿಗೆ ಹಿಡಿದು ನೋಡಿದ್ರು. "ಬಣ್ಣ ಚಂದೈತೆ. ಇದಕ್ಕೂ ಚೊಗರು ಹಾಕ್ತಾರೇನಪ್ಪಾ?"

ನಗು ಬಂತು. ಆದ್ರೆ ಪ್ರಶ್ನೆ ಸರಿಯಾಗೇ ಇತ್ತು. ಹಸಿ ಅಡಿಕೆ ಬೇಯಿಸಿದ ನೀರು ಗಟ್ಟಿಯಾದಾಗ ಉಳಿಯೋ ಕಡುಗೆಂಪು ರಸವೇ ಚೊಗರು. ಅದು ಹಿಡಿದ್ರೆ ಅಡಿಕೆಗೆ ಬಣ್ಣ, ಹೊಳಪು. ವಿಸ್ಕಿಯೂ ಭಟ್ಟಿಯಿಂದ ಇಳಿಯುವಾಗ ನೀರಿನಷ್ಟೇ ತಿಳಿ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತಮೇಲೆ ಅದಕ್ಕೆ ಬಣ್ಣ, ಪರಿಮಳ ಬರೋದು. ಸ್ಕಾಚ್ ಅನ್ನಿಸಿಕೊಳ್ಳೋಕೆ ಕನಿಷ್ಠ 3 ವರ್ಷ ಕೂರಬೇಕು. ಹಾಗಿದ್ದೂ ಎಲ್ಲ ಬಾಟಲಿ ಒಂದೇ ಬಣ್ಣ ಕಾಣಲಿ ಅಂತ ಸಕ್ಕರೆ ಸುಟ್ಟು ಮಾಡಿದ ಕ್ಯಾರಮೆಲ್ ಬೆರೆಸೋದಕ್ಕೆ ಸ್ಕಾಟ್ಲೆಂಡಿನಲ್ಲೂ ಅನುಮತಿ ಇದೆ. ನಮ್ಮ ಅಗ್ಗದ ವಿಸ್ಕಿಗಳಲ್ಲಂತೂ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ಸ್ಪಿರಿಟ್ಟೇ ಹೆಚ್ಚು. ಅಲ್ಲಿ ಹೊಂಬಣ್ಣಕ್ಕೆ ಮರ ಕಾರಣವಲ್ಲ.

ಮಾವ ಒಂದು ಅಡಿಕೆ ತಗೊಂಡು ಅಡಕತ್ತರಿಯಲ್ಲಿ ಕಚಕ್ ಅಂತ ಎರಡು ಹೋಳು ಮಾಡಿ ತೋರಿಸಿದ್ರು. ಒಳಗೆ ಕಂದು ನರಗಳು ಬಳ್ಳಿಬಳ್ಳಿಯಾಗಿ ಹರಡಿದ್ವು. "ನಾವಾದ್ರೆ ಹಿಂಗೆ ಕತ್ತರಿಸಿ ನೋಡಿ ರೇಟು ಕಟ್ತೀವಿ. ನಿನ್ನ ಬಾಟ್ಲಿ ಕತ್ತರಿಸಾಕಾಗಲ್ಲವಲ್ಲ!"

ತುಂಗಭದ್ರೆ ದಡದ ಹೊನ್ನಾಳಿಯಲ್ಲಿ ದೊಡ್ಡಮ್ಮನ ಮನೆ. ಕಿಟಕಿಯಲ್ಲಿ ಚೌಕಾಕಾರದ ವಿಸ್ಕಿ ಬಾಟಲಿ, ಅದರಲ್ಲಿ ಮನಿಪ್ಲಾಂಟ್. ದೊಡ್ಡಪ್ಪ ಒಂದು ತೊಟ್ಟೂ ಮುಟ್ಟದವರು, ಯಾರೋ ಕೊಟ್ಟಿದ್ದಂತೆ. ಜಾನಿ ವಾಕರ್ ಚೌಕಾಕಾರಕ್ಕೆ ಬಂದಿದ್ದು 1860ರ ಸುಮಾರಿಗೆ. ಒಂದೇ ಪೆಟ್ಟಿಗೆಯಲ್ಲಿ ಹೆಚ್ಚು ಬಾಟಲಿ ಹಿಡೀಲಿ, ಹಡಗಿನಲ್ಲಿ ಉರುಳಿ ಒಡೀದಿರಲಿ ಅನ್ನೋದು ಲೆಕ್ಕ. ಲೇಬಲ್ ಓರೆಯಾಗಿ ಅಂಟಿಸಿದ್ದು ಅಕ್ಷರ ದೊಡ್ಡದಾಗಿ ಹಿಡಿಸಲಿ ಅಂತ. ರುಚಿಗೂ ಇದಕ್ಕೂ ಸಂಬಂಧವೇ ಇಲ್ಲ. ಮನಿಪ್ಲಾಂಟ್ ಮಾತ್ರ ಸೊಂಪಾಗಿ ಬೆಳೆದಿತ್ತು.

ನ್ಯಾಮತಿಗೆ ಹೋಗೋ ದಾರಿಯಲ್ಲಿ ಗುಟ್ಟು ಅಪ್ಪನಿಗೆ ಗೊತ್ತಾಯ್ತು. ಮಾವನೇ ಫೋನಿನಲ್ಲಿ ಹೇಳಿಬಿಟ್ಟಿದ್ರು. ಅಪ್ಪ ಬೈಯಲಿಲ್ಲ. "ಎಷ್ಟು ಕೊಟ್ಟೆ?" ಅಂತಷ್ಟೇ ಕೇಳಿದ್ರು. ಹೇಳಿದೆ. "ಅದರಾಗೆ ಬಾಟ್ಲಿಗೆಷ್ಟು, ಒಳಗಿಂದಕ್ಕೆಷ್ಟು?"

ಉತ್ತರ ಕೊಡೋಕಾಗಲಿಲ್ಲ. ಅದರ ಬದಲು ನಮ್ಮ ಬೆಂಗಳೂರಿನ ಅಮೃತ್ ಕಥೆ ಹೇಳಿದೆ. 1948ರಲ್ಲಿ ಶುರುವಾದ ಕಂಪನಿ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಅದಕ್ಕೂ ಮೊದಲು ಅಲ್ಲಿನವರಿಗೆ ಹೆಸರು ಹೇಳದೆ, ಬಾಟಲಿ ತೋರಿಸದೆ ಬರೀ ಗ್ಲಾಸಿನಲ್ಲಿ ಕೊಟ್ಟು ರುಚಿ ನೋಡಿಸಿದ್ದರಂತೆ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡಿನಲ್ಲಿ ಎರಡು ಪಾಲಿನಷ್ಟು. ಆ ನಷ್ಟದಲ್ಲೂ ಮಾಡಿದ ಅಮೃತ್ ಫ್ಯೂಷನ್ನಿಗೆ ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್'ನಲ್ಲಿ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ಖರ್ಚೆಲ್ಲ ಪೀಪಾಯಿಯಲ್ಲಿದೆ, ಕಾಯೋದರಲ್ಲಿದೆ. ಗಾಜಿನೊಳಗೆ ಹೋದಮೇಲೆ ವಿಸ್ಕಿಗೆ ವಯಸ್ಸಾಗಲ್ಲ. ಅಪ್ಪ "ಹೂಂ" ಅಂದ್ರು.

ನ್ಯಾಮತಿ ಹತ್ತಿರ ನೀರಿನ ಬಾಟಲಿಗೆ ನಿಲ್ಲಿಸಿದಾಗ ಪಕ್ಕದಲ್ಲೇ ವೈನ್ ಶಾಪ್. ಕಂಬಿ ಹಿಂದೆ ಸಾಲು ಸಾಲು ಬಾಟಲಿ, ಮುಂದೆ ಕೈಚಾಚಿ ನಿಂತ ಜನ. ನಮ್ಮ ದೇಶದಲ್ಲಿ ಮದ್ಯಕ್ಕೆ ಟೀವಿಯಲ್ಲಿ ಜಾಹೀರಾತಿಲ್ಲ. ಹಾಗಾಗಿ ಬಾಟಲಿಯೇ ಜಾಹೀರಾತು. ನಮ್ಮಂಥವರಿಗೆ ಅನ್ನ ಹುಟ್ಟೋದು ಅಲ್ಲೇ. ಹೋದ ವರ್ಷ ಒಬ್ಬ ಗಿರಾಕಿ ಬಂದು, "ಒಳಗಿಂದು ಅದೇ ಇರುತ್ತೆ. ಹೊರಗಡೆ ಮಾತ್ರ ಪ್ರೀಮಿಯಂ ಮಾಡಿಕೊಡಿ" ಅಂದಿದ್ದ. ಮಾಡಿಕೊಟ್ಟೆ. ಆ ಲೇಬಲ್ಲಿನ ಮೂಲೆಯಲ್ಲಿ 42.8% ಅನ್ನೋ ಅಂಕಿಯನ್ನ ಕಣ್ಣಿಗೆ ಬೀಳದ ಹಾಗೆ ಸಣ್ಣಗೆ ಕೂರಿಸಿದ್ದೂ ನಾನೇ. ಅಂಗಡಿ ಮುಂದೆ ತುಳಿದು ಚಪ್ಪಟೆಯಾದ ಟೆಟ್ರಾ ಪ್ಯಾಕೆಟ್ ಒಂದು ಬಿದ್ದಿತ್ತು. ಅದರ ಮೇಲೂ 42.8%.

ದಾವಣಗೆರೆ ದಾಟಿದಮೇಲೆ ತೋಟಗಳು ಕಮ್ಮಿಯಾಗಿ ಮೆಕ್ಕೆಜೋಳ ಶುರು. ಜಗಳೂರು ಹತ್ತಿರವಾದ ಹಾಗೆ ನೆಲ ಒಣಗುತ್ತಾ ಹೋಗುತ್ತೆ. ಒಂದೇ ಜಿಲ್ಲೆ ಅಂದ್ರೆ ನಂಬೋದು ಕಷ್ಟ.

ಅಲ್ಲಿ ನಮ್ಮ ಅತ್ತೆ, ಅಪ್ಪನ ತಂಗಿ. ಮಾವ ತೀರಿಕೊಂಡು ಆರು ವರ್ಷ, ಲಿವರ್ ಹೋಗಿತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅತ್ತೆ ದೇವರಿಗೆ ಕಾಯಿ ಒಡೆಸಿದ್ರಂತೆ. ಆಮೇಲೆ ಮಾವ ಟೆಟ್ರಾ ಪ್ಯಾಕೆಟ್ಟಿಗೆ ಬಂದ್ರು.

ಕಾರ್ಡು ಕೊಟ್ಟು, ಕುಂಕುಮ ಇಟ್ಟು, ಕಾಫಿ ಆಯ್ತು. ಅತ್ತೆ ಮಗ ಇನ್ನೂ ಬಂದಿರಲಿಲ್ಲ. "ಅವನೂ ಶುರು ಮಾಡ್ಯಾನಣ್ಣ," ಅಂದ್ರು ಅತ್ತೆ, ಅಪ್ಪನ ಮುಖ ನೋಡದೆ. "ಕೇಳಿದ್ರೆ, ಅಪ್ಪ ಕುಡಿದಿದ್ದು ಕಚಡಾ ಮಾಲು, ನಂದು ಒಳ್ಳೇದು, ಬಾಟ್ಲಿ ನೋಡು ಅಂತಾನ." ಆಮೇಲೆ ನನ್ನ ಕಡೆ ತಿರುಗಿದ್ರು. "ನೀನು ಅದರ ಕೆಲಸದಾಗೇ ಇದ್ದೀಯಲ್ಲಪ್ಪಾ, ನೀನೇ ಹೇಳು. ಖರೇನಾ?"

"ಇಲ್ಲತ್ತೆ," ಅಂದೆ. "ಬಾಟಲಿ ಬೇರೆ, ಅಷ್ಟೇ."

"ಹಂಗಂತ ಅವನಿಗೆ ಹೇಳ್ತೀಯಾ?"

ಆ ರಾತ್ರಿ ಅಲ್ಲೇ ಉಳಿದ್ವಿ. ಅವನು ಹತ್ತೂವರೆಗೆ ಬಂದ. ಟೆರೇಸಿನ ಮೇಲೆ ಕೂತು ಹೇಳಿದೆ, ನಾನು ಮಾಡಿದ ಲೇಬಲ್ಲಿನ ಕಥೆಯನ್ನೂ ಸೇರಿಸಿ. ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾವ ಬ್ರ್ಯಾಂಡು?" ಅಂತ ಕೇಳಿದ. ಹೆಸರು ಹೇಳಿದೆ. ಅವನು ಕುಡೀತಿದ್ದದ್ದು ಅದನ್ನೇ ಅಲ್ಲ. ಆದ್ರೂ ಇಬ್ಬರಿಗೂ ನಗೋಕಾಗಲಿಲ್ಲ.

ಬೆಳಿಗ್ಗೆ ಹೊರಡುವಾಗ ಅತ್ತೆ ಶೇಂಗಾ ಎಣ್ಣೆ ತಂದುಕೊಟ್ರು. ಲೇಬಲ್ ಉಜ್ಜಿ ತೆಗೆದ, ದಪ್ಪ ತಳದ, ಚಂದದ ಬಾಟಲಿ. "ಮುಚ್ಚಳ ಗಟ್ಟಿ ಐತಿ, ಚೆಲ್ಲಲ್ಲ," ಅಂದ್ರು. ಡಿಕ್ಕಿಯಲ್ಲಿ ಇಡಲಿಲ್ಲ. ಬೆಂಗಳೂರಿನವರೆಗೂ ಅಪ್ಪ ಅದನ್ನ ತೊಡೆ ಮೇಲೇ ಹಿಡ್ಕೊಂಡು ಕೂತಿದ್ರು.