ತೆಳ್ಳನೆಯ ಮೈ, ಸಿಹಿಯಾದ ರಕ್ತ

ಸಮ್ಮೇಳನವೆಂದರೆ ಸಾಹಿತ್ಯ, ಸಂಗೀತ, ನಾಟಕಗಳ ಜೊತೆಗೆ ಹೋಳಿಗೆ, ಮೈಸೂರುಪಾಕುಗಳ ಸಂಭ್ರಮವೂ ಹೌದು. ಇಂಥ ಸವಿಘಳಿಗೆಯಲ್ಲಿ ಮಧುಮೇಹದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನ್ಯೂಜೆರ್ಸಿಯಲ್ಲಿ ನಾಲ್ವರು ಕನ್ನಡಿಗರು ಸೇರಿದೆಡೆ, ಮಕ್ಕಳ ಕಾಲೇಜಿನ ವಿಚಾರ ಮುಗಿದೊಡನೆ ಬರುವ ಮಾತು ಇದೇ ಅಲ್ಲವೆ?

ಸಕ್ಕರೆ ಕಾಯಿಲೆ ಸ್ಥೂಲಕಾಯರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನ್ನ ಪತಿಯ ಎತ್ತರ ಐದಡಿ ಆರಂಗುಲ, ತೂಕ 145 ಪೌಂಡು. ಅವರ ತಂದೆತಾಯಿಗಳಿಬ್ಬರಿಗೂ ಮಧುಮೇಹವಿತ್ತು. ಆದರೂ ಇಲ್ಲಿನ ವೈದ್ಯರೊಬ್ಬರು ಪ್ರತಿ ವರ್ಷವೂ “ನೀವು ತೆಳ್ಳಗಿದ್ದೀರಿ, ಚಿಂತೆ ಬೇಡ” ಎಂದೇ ಕಳುಹಿಸುತ್ತಿದ್ದರು. 2011ರಲ್ಲಿ ಕನ್ನಡಕ ಬದಲಿಸಲು ಹೋದಾಗ, ಕಣ್ಣಿನ ಒಳಪದರದಲ್ಲಿ ರಕ್ತ ಜಿನುಗಿದ ಚುಕ್ಕೆಗಳು ಕಂಡವು. ಅಷ್ಟರಲ್ಲಿ ರೋಗ ಬಂದು ವರ್ಷಗಳೇ ಕಳೆದಿದ್ದವು.

ಕಲಾ ಪದವೀಧರೆಯಾದ ನಾನು ಅಂದಿನಿಂದ ಈ ವಿಷಯವನ್ನು ಓದತೊಡಗಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಆಂಗ್ಲ ವೈದ್ಯ ಡಾ. ಜಾನ್ ಯುಡ್ಕಿನ್ ಅವರೊಡನೆ ತಾವು ನಿಂತ ಭಾವಚಿತ್ರವನ್ನೇ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಸಂಬಂಧವನ್ನು ಸೂಚಿಸುವ ಬಿ.ಎಂ.ಐ. ಇಬ್ಬರದೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ತಕ್ಕಡಿಗೆ ಕಾಣದ ಈ ಅಂತರ ನಮ್ಮವರಲ್ಲಿ ಗರ್ಭದಲ್ಲಿಯೇ ಮೊದಲಾಗುತ್ತದೆಂದು ಸಂಶೋಧಕರು ಹೇಳುತ್ತಾರೆ.

ಇದಕ್ಕೆ ನನ್ನ ತವರಾದ ಮೈಸೂರೂ ಸಾಕ್ಷಿ ನುಡಿದಿದೆಯೆಂಬುದು ನನಗೆ ಸೋಜಿಗ ತಂದಿತು. ನಾವು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹುಟ್ಟುವಾಗ ಗಿಡ್ಡಗೆ, ದುಂಡಗಿದ್ದವರಲ್ಲಿ ಮಧುಮೇಹ ಹೆಚ್ಚು. ದುಂಡು ಮಗುವನ್ನು ಕಂಡು ದೃಷ್ಟಿ ತೆಗೆಯುವ ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ನಂಬುತ್ತಿದ್ದರೆ?

ಇಂಥ ತಿಳಿವಳಿಕೆಯ ಫಲವಾಗಿ ಅಮೆರಿಕದ ಮಧುಮೇಹ ಸಂಘವು 2015ರಲ್ಲಿ ಏಷ್ಯಾ ಮೂಲದವರಿಗೆ ಪರೀಕ್ಷೆಯ ಗಡಿಯನ್ನು ಬಿ.ಎಂ.ಐ. 25ರಿಂದ 23ಕ್ಕೆ ಇಳಿಸಿತು. ಐದಡಿ ಆರಂಗುಲದವರಿಗೆ 25 ಎಂದರೆ ಸುಮಾರು 155 ಪೌಂಡು, 23 ಎಂದರೆ 143. ನನ್ನ ಪತಿ ಇದ್ದದ್ದು ಈ ಎರಡರ ನಡುವೆ. ಆ ಹನ್ನೆರಡು ಪೌಂಡಿನ ಅಂತರಕ್ಕೆ ನಮ್ಮ ಮನೆ ತೆತ್ತ ಬೆಲೆ, ಅವರ ಎಡಗಣ್ಣಿನ ಅರ್ಧ ದೃಷ್ಟಿ.

ತಂದೆಯದೇ ಮೈಕಟ್ಟಿನ ನಮ್ಮ ಮಗನಿಗೆ ಈಗ ಇಪ್ಪತ್ತೆಂಟು. “ನಾನು ದಿನಾ ಓಡುತ್ತೇನಮ್ಮಾ” ಎಂದು ನಗುತ್ತಿದ್ದವನನ್ನು ಒತ್ತಾಯಿಸಿ ಎ1ಸಿ ಪರೀಕ್ಷೆ ಮಾಡಿಸಿದೆವು. ಬಂದದ್ದು 5.9. ರೋಗವೆನಿಸುವುದು 6.5ರಿಂದ, 5.7 ದಾಟಿದರೆ ಹೊಸ್ತಿಲು. ಹೊಸ್ತಿಲಿನಿಂದ ಹಿಂದಿರುಗಲು ದಾರಿಯುಂಟು: ಈ ದೇಶದಲ್ಲಿ 2002ರಲ್ಲಿ ಪ್ರಕಟವಾದ ಬೃಹತ್ ಪ್ರಯೋಗದಲ್ಲಿ, ತೂಕ ಶೇ. 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಹೊತ್ತವರಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು.

ಆದ್ದರಿಂದ ಬಂಧುಗಳೇ, ಕನ್ನಡಿಯ ಮಾತನ್ನು ನಂಬಬೇಡಿ. ನಿಮ್ಮ ತಂದೆತಾಯಿಯರ ಕಾಯಿಲೆಗಳನ್ನು ವೈದ್ಯರಿಗೆ ತಿಳಿಸಿ. ಅವರು ಕೇಳದಿದ್ದರೂ ನೀವೇ ಪರೀಕ್ಷೆಯನ್ನು ಕೇಳಿ. ಊರು ಬಿಟ್ಟು ಬರುವಾಗ ಭಾಷೆಯೊಂದನ್ನೇ ಅಲ್ಲ, ಈ ದೇಹವನ್ನೂ ಹೊತ್ತು ತಂದಿದ್ದೇವೆ. ಎರಡನ್ನೂ ಮಕ್ಕಳಿಗೆ ತಿಳಿಸಿಕೊಡುವ ಹೊಣೆ ನಮ್ಮದು.