ಕರೆಗೆ ಸಿಗುವ ಅಪ್ಪ

ಊರೂರು ತಿರುಗುವ ವೃತ್ತಿಯವರ ಮನೆಗಳಲ್ಲಿ ಹಿಂದೆ ಒಂದು ಉತ್ತರ ಸದಾ ಸಿದ್ಧವಾಗಿರುತ್ತಿತ್ತು: ‘ಅವರು ಊರಲ್ಲಿಲ್ಲ.’ ಯಾರೇ ವಿಚಾರಿಸಿಕೊಂಡು ಬಂದರೂ ಅಷ್ಟು ಹೇಳಿದರೆ ಸಾಕಾಗುತ್ತಿತ್ತು. ಬಂದವರು ಬೆಲ್ಲ ನೀರು ಕುಡಿದು, ಹಿಂತಿರುಗುವ ದಿನವನ್ನು ಕೇಳಿಕೊಂಡು ಹೋಗುತ್ತಿದ್ದರು. ಈಗ ಆ ಉತ್ತರಕ್ಕೆ ಬೆಲೆಯಿಲ್ಲ. ಊರಲ್ಲಿ ಇಲ್ಲದವರೂ ಫೋನಿಗೆ ಸಿಗಬೇಕು. ಸಿಗದಿದ್ದರೆ ಕಾರಣ ಹೇಳಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಹೆತ್ತವರಲ್ಲಿ ಇಂತಹ ಸಂಚಾರಿಗಳು ಕಡಿಮೆಯಿಲ್ಲ. ಲಾರಿ ಚಾಲಕರು, ಅಡಿಕೆ ವ್ಯಾಪಾರದ ಮೇಲೆ ಓಡಾಡುವವರು, ಮಳೆಗಾಲ ಕಳೆದ ಮೇಲೆ ಮೇಳದೊಂದಿಗೆ ಹೊರಡುವ ಯಕ್ಷಗಾನ ಕಲಾವಿದರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವವರು, ಔಷಧ ಕಂಪೆನಿಗಳ ಪ್ರತಿನಿಧಿಗಳು. ಇವರೆಲ್ಲರ ಜೇಬಿನಲ್ಲಿಯೂ ಒಂದು ಫೋನು ಇದೆ. ಅದು ಅವರನ್ನು ಯಾರೊಂದಿಗೆ ಜೋಡಿಸಿದೆ, ಯಾರಿಂದ ದೂರವಿಟ್ಟಿದೆ ಎಂಬುದು ಈಗ ಕೇಳಬೇಕಾದ ಪ್ರಶ್ನೆಯಾಗಿದೆ.

ಕುಂಬಳೆಯ ಸಮೀಪದ ಗ್ರಾಮವೊಂದರಲ್ಲಿ ನೆಲೆಸಿರುವ ಔಷಧ ಪ್ರತಿನಿಧಿಯೊಬ್ಬರ ಬದುಕು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ನಿದರ್ಶನವಾಗಿದೆ. ಅವರ ಕಾರ್ಯಕ್ಷೇತ್ರ ಕಾಸರಗೋಡಿನಿಂದ ಕಲ್ಲಿಕೋಟೆಯವರೆಗಿನ ಸುಮಾರು 175 ಕಿಲೋಮೀಟರ್. ಸೋಮವಾರ ಮುಂಜಾನೆ ರೈಲು ಹತ್ತಿದರೆ ಮನೆಗೆ ಮರಳುವುದು ಗುರುವಾರವೋ ಶುಕ್ರವಾರವೋ. ಪಯ್ಯನ್ನೂರು, ಕಣ್ಣೂರು, ತಲಶ್ಶೇರಿಗಳ ವೈದ್ಯರ ಬಾಗಿಲಲ್ಲಿ ರೋಗಿಗಳ ಸರದಿ ಮುಗಿಯುವವರೆಗೆ ಕಾಯುವುದು, ಒಳಗೆ ಎರಡು ನಿಮಿಷ ಮಾತನಾಡುವುದು, ಮತ್ತೆ ಮುಂದಿನ ಬಾಗಿಲು. ವೃತ್ತಿಗೆ ಸೇರಿದ ಹೊಸತರಲ್ಲಿ ಅವರ ಬಳಿ ಇದ್ದದ್ದು ಕರೆಗೆ ಮಾತ್ರ ಒದಗುವ ಸಣ್ಣ ಫೋನು. ದಿನದ ವರದಿಯನ್ನು ಕಾಗದದ ಮೇಲೆ ಬರೆದು ವಾರಕ್ಕೊಮ್ಮೆ ಅಂಚೆಗೆ ಹಾಕಿದರೆ ಆಗುತ್ತಿತ್ತು. ಸಂಜೆಯ ಭೇಟಿಗಳು ಮುಗಿದ ಮೇಲೆ ಲಾಡ್ಜಿನ ಕೋಣೆಯಲ್ಲಿ ಉಳಿಯುತ್ತಿದ್ದ ಹೊತ್ತು ಅವರದೇ ಆಗಿತ್ತು.

ಅವರ ಹಿಂದಿನ ಪೀಳಿಗೆಯ ಸಂಚಾರಿಗಳ ಪಾಡು ಬೇರೆಯೇ ಇತ್ತು. ಮನೆಯ ಸುದ್ದಿಗೆ ಇನ್‌ಲ್ಯಾಂಡ್ ಪತ್ರ, ತುರ್ತಾದರೆ ತಂತಿ. ಅನಂತರ ಎಸ್‌ಟಿಡಿ ಬೂತುಗಳು ಬಂದವು. ದರ ಇಳಿಯುವ ರಾತ್ರಿಯ ಹೊತ್ತಿಗೆ ಅವುಗಳ ಮುಂದೆ ಸಾಲು ಬೆಳೆಯುತ್ತಿತ್ತು. ದೇಶದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ. ಆಗ ಬಂದ ಕರೆಗೂ ಹಣ ತೆರಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಗಡಿನಾಡಿನವರಿಗೆ ಇನ್ನೊಂದು ತೊಡಕೂ ಇತ್ತು. ತಲಪಾಡಿ ದಾಟಿದ ಕೂಡಲೇ ಫೋನು ಕೇರಳ ವೃತ್ತದಿಂದ ಕರ್ನಾಟಕ ವೃತ್ತಕ್ಕೆ ಜಾರಿ ರೋಮಿಂಗ್ ದರ ಆರಂಭವಾಗುತ್ತಿತ್ತು. ಮಂಗಳೂರಿನ ಆಸ್ಪತ್ರೆಗೋ ಕಾಲೇಜಿಗೋ ಹೋಗಿ ಬರುವವರಿಗೆ ಬೇರೆ ರಾಜ್ಯದ ನೆನಪನ್ನು ಮೊದಲು ತರುತ್ತಿದ್ದದ್ದು ಜೇಬಿನಲ್ಲಿ ನಡುಗುವ ಆ ಸಂದೇಶವೇ. ಈಗ ಆ ಹೆಚ್ಚುವರಿ ದರವೂ ಇಲ್ಲವಾಗಿದೆ. ಮಾತನಾಡಲು ತಗಲುವ ಹಣ ಇಷ್ಟು ಕಡಿಮೆಯಾಗಿರುವಾಗ ಮಾತು ಹೆಚ್ಚಬೇಕಿತ್ತು. ಈ ಔಷಧ ಪ್ರತಿನಿಧಿಯ ಮನೆಯಲ್ಲಿ ಹಾಗಾಗಲಿಲ್ಲ.

ಸ್ಮಾರ್ಟ್‌ಫೋನ್ ಬಂದ ಮೇಲೆ ವಾರದ ವರದಿ ದಿನದ ವರದಿಯಾಯಿತು. ವೈದ್ಯರ ಭೇಟಿಯನ್ನು ಆ ಸ್ಥಳದಿಂದಲೇ ಆ್ಯಪ್‌ನಲ್ಲಿ ದಾಖಲಿಸಬೇಕು. ನಿಂತ ಜಾಗವನ್ನು ಫೋನು ತಾನೇ ಗುರುತಿಸಿ ಮೇಲಧಿಕಾರಿಗೆ ತಿಳಿಸುತ್ತದೆ. ರಾತ್ರಿ ಒಂಬತ್ತಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾರಾಟದ ಗುರಿ, ಮರುದಿನದ ಯೋಜನೆ, ಇನ್ನೊಂದು ಜಿಲ್ಲೆಯವರ ಸಾಧನೆಯ ಚಿತ್ರ. ಎಲ್ಲಕ್ಕೂ ‘ನೋಡಿದ್ದೇನೆ’ ಎಂಬ ಗುರುತು ಹಾಕದಿದ್ದರೆ ಕರೆ ಬರುತ್ತದೆ. ಕಂಪೆನಿಯ ಸಂದೇಶಗಳು ಇಂಗ್ಲಿಷಿನಲ್ಲಿ, ವೈದ್ಯರೊಂದಿಗೂ ಔಷಧದಂಗಡಿಯವರೊಂದಿಗೂ ಮಾತು ಮಲಯಾಳದಲ್ಲಿ, ಉತ್ತರ ಭಾರತದ ಅಧಿಕಾರಿಯೊಂದಿಗೆ ಹಿಂದಿಯಲ್ಲಿ. ಇವುಗಳ ಸಂದುಗಳಲ್ಲಿ ಮನೆಯಿಂದ ಬರುವ ಸಂದೇಶಕ್ಕೆ ಅವರು ಕೊಡುತ್ತಿದ್ದ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ ಅವಸರದಿಂದ ಒತ್ತಿದ ನಾಲ್ಕು ಕನ್ನಡ ಪದ. ಮನೆಯವರ ಲೆಕ್ಕದಲ್ಲಿ ಅವರು ದಿನವಿಡೀ ಫೋನಿಗೆ ಸಿಗುತ್ತಿದ್ದರು. ಮಗಳ ಶಾಲೆಯ ಸಂಗತಿ ಮಾತ್ರ ತಾಯಿಯ ಮೂಲಕವೇ ತಲುಪಬೇಕಾಗಿತ್ತು. ‘ಅಪ್ಪನಲ್ಲಿ ಹೇಳು’ ಎಂದು ಮಗಳು ಅಮ್ಮನಿಗೆ, ‘ಅವಳಲ್ಲಿ ಹೇಳು’ ಎಂದು ಅಪ್ಪ ಅಮ್ಮನಿಗೆ. ಹೊಲಿಗೆ ಯಂತ್ರದ ಮುಂದೆ ಕುಳಿತು ಎರಡೂ ಕಡೆಯ ಮಾತನ್ನು ದಾಟಿಸುವ ಕೆಲಸ ಆ ತಾಯಿಯ ಪಾಲಿಗೆ ಬಂತು.

ಈ ಮನೆಯ ಭಾಷಾಸ್ಥಿತಿಯನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಗಡಿನಾಡಿನ ಅನೇಕ ಮನೆಗಳಂತೆ ಇಲ್ಲಿಯೂ ಆಡುವ ಮಾತು ತುಳು, ಬರೆಯುವ ಭಾಷೆ ಕನ್ನಡ. ಅಜ್ಜಿ ಮೊಮ್ಮಗಳನ್ನು ಗದರುವುದು ತುಳುವಿನಲ್ಲಿ. ಮದುವೆಯ ಕರೆಯೋಲೆ, ದೇವಸ್ಥಾನದ ರಶೀದಿ, ಗೋಡೆಯ ಪಂಚಾಂಗ, ಮಗಳ ಪಾಠಪುಸ್ತಕ ಎಲ್ಲವೂ ಕನ್ನಡದಲ್ಲಿ. ಕೊಂಕಣಿ, ಮರಾಠಿ ಆಡುವ ನೆರೆಮನೆಗಳ ಸ್ಥಿತಿಯೂ ಇದೇ. ಇಂತಹ ಮನೆಗಳಲ್ಲಿ ಕನ್ನಡ ಉಳಿದಿರುವುದು ಮುಖ್ಯವಾಗಿ ಬರವಣಿಗೆಯಲ್ಲಿ. ಈಗ ಮನೆಮಂದಿಯ ಬರವಣಿಗೆಯ ಬಹುಪಾಲು ನಡೆಯುತ್ತಿರುವುದು ಫೋನಿನ ಪರದೆಯ ಮೇಲೆ. ಅಲ್ಲಿ ಅಪ್ಪನೇ ಕನ್ನಡ ಅಕ್ಷರವನ್ನು ಬಿಟ್ಟರೆ, ಶಾಲೆಯ ಹೊರಗೆ ಮಗಳು ತನ್ನ ಕಲಿಕೆಯ ಭಾಷೆಯನ್ನು ಓದಬೇಕಾದ ಸಂದರ್ಭ ಎಷ್ಟು ಉಳಿದೀತು?

ಆ ಹುಡುಗಿ ಒಂದನೇ ತರಗತಿಗೆ ಸೇರಿದ್ದೇ 2020ರ ಜೂನ್ ತಿಂಗಳಲ್ಲಿ. ಕೇರಳದ ಶಾಲೆಗಳು ಬಾಗಿಲು ತೆರೆಯದೆ, ವಿಕ್ಟರ್ಸ್ ವಾಹಿನಿಯ ಮೂಲಕ ಪಾಠಗಳು ಆರಂಭವಾದ ವರ್ಷ. ಮನೆಯ ಏಕೈಕ ಸ್ಮಾರ್ಟ್‌ಫೋನ್ ಅಪ್ಪನದು. ಸಂಚಾರಕ್ಕೆ ಅನುಮತಿ ದೊರೆತ ಮೇಲೆ ಅಪ್ಪನೊಂದಿಗೆ ಅದೂ ಹೊರಡುತ್ತಿತ್ತು. ಆದುದರಿಂದ ಎರಡನೆಯ ಫೋನನ್ನು ಕಂತಿನಲ್ಲಿ ಕೊಳ್ಳಲಾಯಿತು. ಟೀಚರ್ ಕಳುಹಿಸಿದ ಅಕ್ಷರಮಾಲೆಯನ್ನು ನೋಡಿ ಬರೆದು, ಚಿತ್ರ ತೆಗೆದು ಕಳುಹಿಸುತ್ತಲೇ ಅವಳು ಕನ್ನಡ ಕಲಿತಳು. ಹೀಗಾಗಿ ಫೋನು ಎಂದರೆ ಕನ್ನಡ ಬರೆಯುವ ಜಾಗವೆಂಬ ಭಾವನೆ ಅವಳಿಗೆ ಮೊದಲಿನಿಂದಲೂ ಇತ್ತು. ಅಪ್ಪನಿಗೆ ಇರಲಿಲ್ಲ.

ಅವಳು ಐದನೇ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವದ ಕೋಲಾಟಕ್ಕೆ ಹಸಿರು ಬಳೆ ಬೇಕಾಗಿತ್ತು. ಕಲ್ಲಿಕೋಟೆಯಿಂದ ಬರುವಾಗ ತರಬೇಕೆಂದು ಸೋಮವಾರ ರಾತ್ರಿಯೇ ಅಪ್ಪನಿಗೆ ಧ್ವನಿಸಂದೇಶ ಕಳುಹಿಸಿದ್ದಳು. ಹೆಬ್ಬೆರಳು ಬಂದಿತ್ತು. ಗುರುವಾರ ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪನ ಸಂದೇಶ ಬಂತು. ಅದರಲ್ಲಿದ್ದ ಪದ ಬಿ, ಎ, ಎಲ್, ಇ; ಜೊತೆಗೆ ‘ತರುತ್ತಿದ್ದೇನೆ’ ಎಂಬ ಮಾತು. ಮಗಳು ಅದನ್ನು ‘ಬಳೆ’ ಎಂದು ಓದಿ, ಗೆಳತಿಯರಿಗೆಲ್ಲ ಸಾರಿದಳು. ಅಪ್ಪ ರಾತ್ರಿ ಮನೆಗೆ ತಂದದ್ದು ಅಜ್ಜಿಗೆ ಪ್ರಿಯವಾದ ನೇಂದ್ರ ಬಾಳೆಹಣ್ಣು. ಅದೇ ನಾಲ್ಕು ಅಕ್ಷರಗಳನ್ನು ಬಲೆ ಎಂದೂ ಬಳೆ ಎಂದೂ ಬಾಳೆ ಎಂದೂ ಬಾಲೆ ಎಂದೂ ಓದಬಹುದು. ಕನ್ನಡದ ಲ ಮತ್ತು ಳ, ಹ್ರಸ್ವ ಮತ್ತು ದೀರ್ಘಗಳನ್ನು ಬೇರ್ಪಡಿಸುವ ಸಾಮರ್ಥ್ಯ ಆ ಬರವಣಿಗೆಗೆ ಇಲ್ಲ.

ಅಜ್ಜಿ ನಕ್ಕರು, ತಾಯಿಯೂ ನಕ್ಕರು. ಮಗಳು ನಗಲಿಲ್ಲ. ಫೋನನ್ನು ತಂದು ಸೋಮವಾರದ ತನ್ನ ಧ್ವನಿಸಂದೇಶವನ್ನು ಅಪ್ಪನ ಮುಂದೆ ಹಾಕಿದಳು. ಅದರ ಕೆಳಗೆ ಅವರದೇ ಹೆಬ್ಬೆರಳು ಇತ್ತು. ಗುಂಪಿನ ಇಪ್ಪತ್ತು ಸಂದೇಶಗಳ ನಡುವೆ ಬಂದ ಅದನ್ನು ಅವರು ಕೇಳಿಯೇ ಇರಲಿಲ್ಲ. ಉಳಿದವುಗಳಿಗೆ ಒತ್ತಿದಂತೆ ಅದಕ್ಕೂ ಒತ್ತಿದ್ದರು. ‘ಕೇಳದಿದ್ದರೆ ಇದನ್ನು ಹಾಕಬೇಡಿ ಅಪ್ಪಾ’ ಎಂದಷ್ಟೇ ಅವಳು ಹೇಳಿದಳು. ಮರುದಿನ ತಾಯಿ ಕುಂಬಳೆ ಪೇಟೆಯಿಂದ ಬಳೆ ತಂದರು, ಕೋಲಾಟಕ್ಕೆ ಕೊರತೆಯಾಗಲಿಲ್ಲ. ಆದರೆ ಆಮೇಲೆ ಎರಡು ವಾರ ಮಗಳಿಂದ ಒಂದೂ ಸಂದೇಶ ಬರಲಿಲ್ಲ. ಕರೆ ಮಾಡಿದರೆ ‘ಊಟ ಆಯ್ತು, ಓದಿದ್ದೇನೆ’ ಎಂದು ಅಮ್ಮನ ಕೈಗೆ ಫೋನು ಕೊಡುತ್ತಿದ್ದಳು. ತಾನು ಇಲ್ಲದ ದಿನಗಳಿಗೆ ಮನೆ ಒಗ್ಗಿಕೊಂಡಿದೆ, ಮಗಳೂ ಒಗ್ಗಿಕೊಳ್ಳುತ್ತಿದ್ದಾಳೆ ಎಂಬುದು ಆ ತಂದೆಗೆ ತಿಳಿದದ್ದು ಆಗ.

ಇಂತಹ ಸಂದರ್ಭದಲ್ಲಿ ಕಾನೂನಿನಿಂದ ದೊರೆಯುವ ಆಸರೆ ಅಲ್ಪ. ಔಷಧ ಪ್ರತಿನಿಧಿಗಳಂತಹ ಮಾರಾಟ ಪ್ರವರ್ಧನ ನೌಕರರಿಗಾಗಿಯೇ 1976ರಲ್ಲಿ ಸಂಸತ್ತು ಒಂದು ಕಾಯ್ದೆಯನ್ನು ರಚಿಸಿತು. ನೇಮಕಾತಿ ಪತ್ರ ಕೊಡಲೇಬೇಕು, ಕರ್ತವ್ಯದಲ್ಲಿ ಕಳೆದ ಅವಧಿಯ ಹನ್ನೊಂದರಲ್ಲಿ ಒಂದು ಪಾಲಿಗೆ ಕಡಿಮೆಯಾಗದಂತೆ ಗಳಿಕೆ ರಜೆ ಕೊಡಬೇಕು ಎಂಬ ನಿಯಮಗಳು ಅದರಲ್ಲಿದ್ದವು. 2020ರ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆಯನ್ನು ವಿಲೀನಗೊಳಿಸಲಾಗಿದೆ. ರಜೆಯ ದಿನವನ್ನು ಎಣಿಸಲು ಕಾಯ್ದೆಗೆ ತಿಳಿದಿತ್ತು. ರಜೆಯ ದಿನ ಜೇಬಿನೊಳಗೆ ಬರುವ ಆದೇಶವನ್ನು ಆ ಕಾಲದವರು ಊಹಿಸಿರಲಿಲ್ಲ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯದಲ್ಲಿ 2024ರಿಂದ, ಕೆಲಸದ ಅವಧಿಯ ಹೊರಗೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಕಾನೂನಿನ ಮನ್ನಣೆ ಇದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಇದೇ ಉದ್ದೇಶದ ಖಾಸಗಿ ಮಸೂದೆಯನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ವಾಹನ ನಡೆಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಮೋಟಾರು ವಾಹನ ಕಾಯ್ದೆ 2019ರ ತಿದ್ದುಪಡಿಯಿಂದ ಅಪಾಯಕರ ಚಾಲನೆಯೆಂದೇ ಪರಿಗಣಿಸುತ್ತದೆ. ಊಟದ ಹೊತ್ತಿಗೆ ಅಂತಹ ನಿಷೇಧವಿಲ್ಲ. ಅಲ್ಲಿ ಕಟ್ಟಳೆಯನ್ನು ಮನೆಯವರೇ ಮಾಡಿಕೊಳ್ಳಬೇಕು.

ಆ ತಂದೆ ಮಾಡಿಕೊಂಡ ಏರ್ಪಾಡು ಸರಳವಾದದ್ದು. ರಾತ್ರಿ ಎಂಟರಿಂದ ಎಂಟೂವರೆಯವರೆಗೆ ತಾನು ಕಂಪೆನಿಯ ಕರೆಗೆ ಸಿಗುವುದಿಲ್ಲ, ಮಗಳ ಪಾಠದ ಹೊತ್ತು ಅದು ಎಂದು ಮೇಲಧಿಕಾರಿಗೆ ಮೊದಲೇ ತಿಳಿಸಿದರು. ಅದನ್ನು ಹೇಳಲು ಅವರಿಗೆ ಒಂದು ವಾರದ ಧೈರ್ಯ ಬೇಕಾಯಿತು. ಎರಡು ಮಕ್ಕಳ ತಂದೆಯಾದ ಆ ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವರದಿ ತಪ್ಪಬಾರದು’ ಎಂದರಂತೆ. ಎಲ್ಲ ಅಧಿಕಾರಿಗಳೂ ಹಾಗೆ ಒಪ್ಪಲಾರರು. ವರದಿಯನ್ನು ಪ್ರತಿ ಭೇಟಿಯ ಬೆನ್ನಿಗೇ ವೈದ್ಯರ ಜಗಲಿಯಲ್ಲಿ ಕುಳಿತು ತುಂಬಿಸುವುದನ್ನು ಅವರು ರೂಢಿಸಿಕೊಂಡರು. ಕಂಪೆನಿಯ ಸಿಮ್ಮನ್ನೂ ಮನೆಯ ಸಿಮ್ಮನ್ನೂ ಬೇರೆ ಮಾಡಿ, ಆ ಅರ್ಧಗಂಟೆ ಮೊದಲನೆಯದನ್ನು ಮಲಗಿಸಿಟ್ಟರು. ಮಗಳ ಕನ್ನಡ ಪುಸ್ತಕದ ಪುಟಗಳ ಚಿತ್ರವನ್ನು ಭಾನುವಾರವೇ ಫೋನಿನಲ್ಲಿ ತುಂಬಿಕೊಂಡರು. ಲಾಡ್ಜಿನಲ್ಲಿ ಇಂಟರ್ನೆಟ್ ಕೈಕೊಟ್ಟರೂ ಸಾಧಾರಣ ಕರೆಯಲ್ಲಿ ಪಾಠ ನಡೆಯುತ್ತದೆ: ಅವರು ಒಂದು ಪ್ಯಾರಾ ಓದುತ್ತಾರೆ, ಅವಳು ಮುಂದಿನದನ್ನು ಓದುತ್ತಾಳೆ. ಪುಸ್ತಕದ ಭಾಷೆ ಕನ್ನಡ, ನಡುನಡುವಿನ ವಿವರಣೆ ತುಳು.

ಕನ್ನಡದಲ್ಲಿ ಬರೆಯುವುದು ಅವರಿಗೆ ಹೆಚ್ಚು ಕಷ್ಟವಾದ ಕೆಲಸವಾಗಿತ್ತು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವರಾದರೂ ಬೆರಳುಗಳು ಫೋನಿನಲ್ಲಿ ಇಂಗ್ಲಿಷಿಗೆ ಪಳಗಿದ್ದವು. ಮಗಳೇ ಗುರುವಾದಳು. ಕೀಲಿಮಣೆಗೆ ಕನ್ನಡವನ್ನು ಸೇರಿಸಿಕೊಟ್ಟಳು. ಪರದೆಯ ಮೇಲೆ ಬೆರಳಿನಿಂದ ಅಕ್ಷರ ಬರೆದರೆ ಫೋನು ಅದನ್ನು ಗುರುತಿಸುತ್ತದೆ ಎಂದು ತೋರಿಸಿದಳು. ಬಾಲ್ಯದ ಕಾಪಿ ಪುಸ್ತಕ ಬರೆದ ಕೈಗೆ ಅದು ಒಗ್ಗಿತು. ಕಂಪ್ಯೂಟರಿನ ಕನ್ನಡಕ್ಕೆ ಇಂದು ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಮಂಗಳೂರಿನ ಸಮೀಪದ ಕಿನ್ನಿಕಂಬಳದವರೇ. ಉಪಕರಣದ ಕೊರತೆ ಈಗಿಲ್ಲ. ಬೇಕಾದದ್ದು ಒಂದು ತಿಂಗಳ ಅಭ್ಯಾಸ. ಮೊದಲ ವಾರ ಅವರ ಸಂದೇಶಗಳಲ್ಲಿ ಒತ್ತಕ್ಷರಗಳು ತಪ್ಪುತ್ತಿದ್ದವು. ಮಗಳು ತಪ್ಪಿಗೆ ಕೆಂಪು ಗುರುತು ಹಾಕಿ ಹಿಂದಕ್ಕೆ ಕಳುಹಿಸುತ್ತಿದ್ದಳು. ಟೀಚರ್ ತನಗೆ ಮಾಡುತ್ತಿದ್ದುದನ್ನು ಅಪ್ಪನಿಗೆ ಮಾಡುವ ಅವಕಾಶ ಅವಳಿಗೆ ಬಹಳ ಹಿಡಿಸಿತು.

ಈ ಏರ್ಪಾಡು ಪ್ರತಿದಿನವೂ ನಡೆಯುತ್ತದೆ ಎನ್ನುವಂತಿಲ್ಲ. ತಿಂಗಳ ಕೊನೆಯಲ್ಲಿ ಮಾರಾಟದ ಲೆಕ್ಕ ಮುಗಿಯದಿದ್ದರೆ ಎಂಟು ಗಂಟೆ ಹತ್ತಾಗುತ್ತದೆ, ಮಗಳು ಮಲಗಿರುತ್ತಾಳೆ. ಅಂತಹ ದಿನ ಅವರು ಆ ಪಾಠದ ಪುಟವನ್ನು ಓದಿ ಧ್ವನಿಸಂದೇಶವಾಗಿ ಕಳುಹಿಸುತ್ತಾರೆ. ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಅವಳು ಕೇಳುತ್ತಾಳೆ. ಲಾರಿ ಚಾಲಕನಿಗೂ ಗಲ್ಫಿನ ದುಡಿಮೆಗಾರನಿಗೂ ಎಂಟು ಗಂಟೆ ಹೊಂದಲಾರದು. ಮುಂಬಯಿಗೆ ಹೋಗುವವರಿಗೆ ಕೊಂಕಣ ರೈಲ್ವೆಯ ಸುರಂಗಗಳಲ್ಲಿ ಸಂಪರ್ಕವೇ ಕಡಿಯುತ್ತದೆ. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಿದೆ. ಹೊತ್ತು ಯಾವುದಾದರೂ ಆಗಲಿ, ಮಗುವಿಗೆ ಅದು ಮೊದಲೇ ತಿಳಿದಿರಬೇಕು, ಹೇಳಿದ ಹೊತ್ತಿಗೆ ಕರೆ ಬರಬೇಕು. ದಿನಕ್ಕೆ ಹತ್ತು ಬಾರಿ ಅರೆಮನಸ್ಸಿನಿಂದ ಸಿಗುವ ಅಪ್ಪನಿಗಿಂತ ಹೇಳಿದ ಒಂದು ಹೊತ್ತಿಗೆ ಪೂರ್ತಿ ಸಿಗುವ ಅಪ್ಪನನ್ನು ಮಕ್ಕಳು ನಂಬುತ್ತಾರೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೊಣೆ ಹೊರಿಸಿದೆ. ಆ ಹೊಣೆಯನ್ನು ನೆನಪಿಸುತ್ತ ಗಡಿನಾಡಿನ ಹಿರಿಯರು ದಶಕಗಳಿಂದ ಮನವಿ, ಸಭೆ, ನ್ಯಾಯಾಲಯ ಎಂದು ದುಡಿದಿದ್ದಾರೆ. ಶಾಲೆಗಳು ಉಳಿದಿರುವುದರಲ್ಲಿ ಅವರ ದುಡಿಮೆಯಿದೆ. ಹೆತ್ತವರು ಮಕ್ಕಳಿಗೆ ಯಾವ ಅಕ್ಷರದಲ್ಲಿ ಸಂದೇಶ ಬರೆಯಬೇಕೆಂದು ಯಾವ ವಿಧಿಯೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದಕ್ಕೆ ಅರ್ಜಿ ಹಾಕಬೇಕಿಲ್ಲ. ಮುಂದಿನ ನಿಲ್ದಾಣ ಬರುವುದರೊಳಗೆ ಬರೆದು ಮುಗಿಸಬಹುದು. ಈಗ ಆ ಹುಡುಗಿಯ ಫೋನಿನಲ್ಲಿ ಅಪ್ಪನ ಸಂದೇಶಗಳು ಕನ್ನಡದಲ್ಲಿ ಸಾಲಾಗಿವೆ: ತಲಶ್ಶೇರಿಯಲ್ಲಿ ಮಳೆ, ರೈಲು ಮುಕ್ಕಾಲು ಗಂಟೆ ತಡ, ನಾಳೆಯ ಪಾಠದ ಮೂರನೆಯ ಪ್ರಶ್ನೆಗೆ ಉತ್ತರ ನೀನೇ ಹುಡುಕು. ಅವುಗಳಲ್ಲಿ ಕೆಲವನ್ನು ಅವಳು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ.